ಇಮಾಮ್ ಜಾಮಿನ್ ಬಿಚ್ಚಿದ ಊರು

ಬಸವಕಲ್ಯಾಣದಿಂದ ಹುಮನಾಬಾದಿಗೆ ಬಸ್ಸಿನಲ್ಲಿ ತಾಸಿನ ದಾರಿ. ಊರಿನ ಎಷ್ಟೋ ಜನ ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತಾರೆ. ಆದರೆ ಆ ಗುರುವಾರ ಖಮರುದ್ದೀನನ ಮನೆಯಲ್ಲಿ ನಡೆದ ಗಡಿಬಿಡಿ ನೋಡಿದವರು ಯಾರೋ ಹಜ್ ಯಾತ್ರೆಗೇ ಹೊರಟಿದ್ದಾರೆ ಎಂದುಕೊಳ್ಳಬೇಕು. ಹೊರಟವಳು ಅವನ ಮಗಳು ರುಬೀನಾ. ವಯಸ್ಸು ಇಪ್ಪತ್ತೆರಡು, ಕೈಯಲ್ಲಿ ಬಿ.ಎ. ಪದವಿ. ಹುಟ್ಟಿದಾಗಿನಿಂದ ಒಮ್ಮೆಯೂ ಒಬ್ಬಳೇ ಊರ ಗಡಿ ದಾಟಿದವಳಲ್ಲ.

ಅಜ್ಜಿ ಹಜಿರಾ ಬೀ ಹಳೆಯ ಹಸಿರು ದುಪಟ್ಟಾದ ಅಂಚು ಹರಿದು, ಅದರಲ್ಲಿ ಒಂದು ರೂಪಾಯಿಯ ನಾಣ್ಯ ಇಟ್ಟು ಗಂಟು ಹಾಕಿ, ಮೊಮ್ಮಗಳ ಬಲತೋಳಿಗೆ ಕಟ್ಟಿದಳು. ಇದಕ್ಕೆ ಇಮಾಮ್ ಜಾಮಿನ್ ಎನ್ನುತ್ತಾರೆ. ಪ್ರಯಾಣ ಹೊರಟವರನ್ನು ಇಮಾಮರ ಜಾಮೀನಿಗೆ ಒಪ್ಪಿಸಿ ಕಳಿಸುವ ಪದ್ಧತಿ. ಹೋಗಬೇಕಾದ ಜಾಗ ಮುಟ್ಟಿದ ಮೇಲೆ ಗಂಟು ಬಿಚ್ಚಿ, ನಾಣ್ಯವನ್ನು ಅಲ್ಲಿಯ ಬಡವರೊಬ್ಬರಿಗೆ ಕೊಟ್ಟುಬಿಡಬೇಕು. ಮುಡಬಿ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಹಜಿರಾ ಬೀಗೆ ಮನೆಮಾತಾದ ದಖನಿ ಉರ್ದುವಿನಷ್ಟೇ ಕನ್ನಡವೂ ಸಲೀಸು. ಮುಖ್ಯವಾದ ಮಾತನ್ನು ಅವಳು ಯಾವಾಗಲೂ ಕನ್ನಡದಲ್ಲೇ ಹೇಳುತ್ತಿದ್ದಳು.

“ಮುಟ್ಟಿದ ಮ್ಯಾಲ ಬಿಚ್ಚು. ಮುಟ್ಟೂತನಕ ಯಾರು ಹೇಳಿದ್ರೂ ಬಿಚ್ಚಬ್ಯಾಡ.”

ರುಬೀನಾಳಿಗೆ ಒಳಗೊಳಗೇ ನಗು. ಹುಮನಾಬಾದಿನ ಫುಪ್ಪುವಿನ ಮನೆ, ಅಂದರೆ ಅಪ್ಪನ ತಂಗಿಯ ಮನೆ, ಅದನ್ನು ಮುಟ್ಟುವುದಕ್ಕೆ ಇಷ್ಟೆಲ್ಲ ಬೇಕೇ ಎಂದು. ಆದರೂ ತೋಳು ಕೊಟ್ಟು ಸುಮ್ಮನೆ ನಿಂತಳು, ಯಾಕೆಂದರೆ ಅವಳ ಮುಂದಿನ ಎರಡು ವರ್ಷ ಇವತ್ತಿನ ಒಂದು ದಿನಕ್ಕೆ ಜೋತುಬಿದ್ದಿತ್ತು.

ವಿಷಯ ಇಷ್ಟೇ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಅವಳಿಗೆ ಎಂ.ಎ. ಸೀಟು ಸಿಕ್ಕಿತ್ತು. ಹಾಸ್ಟೆಲಿನ ಅರ್ಜಿಯ ಕೆಳಗೆ ತಂದೆಯ ಸಹಿ ಬೇಕು. ಖಮರುದ್ದೀನ್ ಲಾರಿಗಳಿಗೆ ಬಣ್ಣ ಹೊಡೆದು ಹೆಸರು ಬರೆಯುವ ಪೇಂಟರ್. ಕಲ್ಯಾಣದಲ್ಲಿ ಲಾರಿಗಳಿಗೇನು ಬರವೇ? ಮೂವತ್ತು ವರ್ಷಗಳಿಂದ ಹೆದ್ದಾರಿಯ ಲಾರಿಗಳ ಬೆನ್ನ ಮೇಲೆಲ್ಲ ಅವನ ಕೈಬರಹ. ಬರೆದಾದ ಮೇಲೆ ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ‘ಖಮರ್ ಪೇಂಟರ್, ಕಲ್ಯಾಣ’ ಎಂದು ಹಾಕದೆ ಯಾವ ಲಾರಿಯನ್ನೂ ಬಿಟ್ಟವನಲ್ಲ. ಊರವರ ಲಾರಿಗಳಿಗೆಲ್ಲ ಸಹಿ ಹಾಕುವ ಮನುಷ್ಯ ಮಗಳ ಒಂದು ಕಾಗದಕ್ಕೆ ಸಹಿ ಹಾಕಲೊಲ್ಲ. ಮೂರು ವಾರಗಳಿಂದ ಅರ್ಜಿ ಕಪಾಟಿನ ಮೇಲೆ ಟರ್ಪೆಂಟೈನ್ ಡಬ್ಬಿಯ ಕೆಳಗೆ ಬಿದ್ದಿತ್ತು.

ಕೆಟ್ಟ ಮನುಷ್ಯನಲ್ಲ. ಹೆದರಿದ ಮನುಷ್ಯ, ಅಷ್ಟೇ. ಕಾಲೇಜಿಗೆ ಹತ್ತು ನಿಮಿಷದ ನಡಿಗೆ ಇದ್ದರೂ ಮೂರು ವರ್ಷ ಅವಳನ್ನು ಅವಳ ಅಣ್ಣ ಮುಷರಫನ ಗಾಡಿಯಲ್ಲೇ ಕಳಿಸಿದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಓಣಿಯ ಹೆಂಗಸರೆಲ್ಲ ರಾಜ್ಯದ ಮೂಲೆಮೂಲೆ ನೋಡಿ ಬಂದು ವರ್ಷಗಟ್ಟಲೆ ವರ್ಣಿಸಿದರು. ರುಬೀನಾಳ ಆಧಾರ್ ಕಾರ್ಡು ಮಾತ್ರ ಕಪಾಟಿನಲ್ಲಿ ಬೆಚ್ಚಗೆ ಮಲಗಿತ್ತು. ಅವಳು ಹಟ ಹಿಡಿದು ಎರಡು ದಿನ ಊಟ ಬಿಟ್ಟಾಗ ಖಮರುದ್ದೀನ್ ಒಂದು ಕರಾರಿಗೆ ಬಂದ. ಹುಮನಾಬಾದಿಗೆ ಒಬ್ಬಳೇ ಹೋಗಬೇಕು, ಫುಪ್ಪು ಫರಹತಳ ಮನೆಯಲ್ಲಿ ಊಟ ಮಾಡಬೇಕು, ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜಿನೊಳಗೆ ಮನೆ ಸೇರಬೇಕು. ಹೆದರದೆ, ದಾರಿ ತಪ್ಪದೆ ಬಂದರೆ ಸಹಿ. ಇಲ್ಲವಾದರೆ ವಿಜಯಪುರದ ಮಾತು ಮನೆಯಲ್ಲಿ ಮತ್ತೆ ಎತ್ತುವ ಹಾಗಿಲ್ಲ.

ತಾಯಿ ಆರಿಫ ಕೊಟ್ಟ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ರುಬೀನಾ ಒಂಬತ್ತಕ್ಕೆ ಬಸ್ಸು ಹತ್ತಿದಳು. ಕಿಟಕಿಯ ಪಕ್ಕ ಕೂತಾಗ ಅವಳಿಗಾದದ್ದು ಹೆದರಿಕೆಯಲ್ಲ, ಖುಷಿ. ಆ ಖುಷಿ ಐದು ನಿಮಿಷವೂ ಬಾಳಲಿಲ್ಲ. ಕಂಡಕ್ಟರ್ ನರಸಿಂಗ ಬಂದವನೇ ಅವಳ ಕಾರ್ಡನ್ನು ನೋಡಲೂ ಇಲ್ಲ.

“ಖಮರ್ ಪೇಂಟರ್ ಮಗಳಲ್ಲೇನವಾ? ಮುಂದ ಬಾ, ನನ್ನ ಬಾಜೂಕ ಕೂಡು. ನಿಮ್ಮಪ್ಪ ಹೇಳ್ಯಾನ.”

ಮುಂದೆ ಹೋಗಿ ಕೂತಳು. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ನಿಂತಾಗ ಚಹಾದಂಗಡಿಯವನು ಕಿಟಕಿಯೊಳಗೆ ಕಪ್ಪು ಚಾಚಿ, ಖಮರ್ ಭಾಯಿ ಹೇಳಿದ್ದಾರೆ, ಕುಡಿ ಎಂದ. ರಾಜೇಶ್ವರದಲ್ಲಿ ಪಂಕ್ಚರ್ ಅಂಗಡಿಯ ಮುದುಕ ಬಸ್ಸಿನ ಬಾಗಿಲಿಗೇ ಬಂದು, ಅವಳ ಮುಖ ನೋಡಿ ತಲೆಯಾಡಿಸಿ, ಅಲ್ಲೇ ಫೋನು ಕಿವಿಗಿಟ್ಟು ‘ಹಾಂ, ದಾಟಿದಳು’ ಎಂದು ಯಾರಿಗೋ ಹೇಳಿದ. ಯಾರಿಗೆ ಎಂದು ಕೇಳಬೇಕಾಗಿರಲಿಲ್ಲ. ಹೆದ್ದಾರಿಯಲ್ಲಿ ಮುಂದೆ ಓಡುವ ಲಾರಿಯ ಹಿಂದೆಯೂ ‘ಖಮರ್ ಪೇಂಟರ್’, ಅದನ್ನು ಹಿಂದೆ ಹಾಕಿದರೆ ಇನ್ನೊಂದರ ಮೇಲೂ ‘ಖಮರ್ ಪೇಂಟರ್’. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವವರ ಸಾಲು ಕಲ್ಯಾಣದಿಂದ ಹುಮನಾಬಾದಿನವರೆಗೆ ಒಂದೂ ಕೊಂಡಿ ತಪ್ಪದೆ ನಿಂತಿತ್ತು. ರುಬೀನಾಳಿಗೆ ಸಿಟ್ಟು ಬಂತು. ಒಬ್ಬಳೇ ಹೋಗು ಎಂದವನು ಅವಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ, ಗಾಜಿನ ಬಳೆಯ ಪೆಟ್ಟಿಗೆಯ ಹಾಗೆ.

ಹುಮನಾಬಾದಿನ ನಿಲ್ದಾಣದಲ್ಲಿ ಬಸ್ಸು ತಿರುಗುವಾಗಲೇ ಕಿಟಕಿಯಿಂದ ಕಂಡಿತು. ಫುಪ್ಪು ಕಳಿಸುತ್ತೇನೆಂದು ಹೇಳಿದ್ದ ಆಟೋದ ಅಜೀತ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದ. ಕೈಯಲ್ಲಿ ಫೋನು, ಫೋನಿನಲ್ಲಿ ರುಬೀನಾಳ ಫೋಟೋ. ಇಳಿಯುವ ಒಂದೊಂದು ಹುಡುಗಿಯ ಮುಖಕ್ಕೂ ಫೋಟೋ ಹಿಡಿದು, ಪೊಲೀಸರು ಕಳ್ಳನನ್ನು ಗುರುತಿಸುವ ಹಾಗೆ ತಾಳೆ ನೋಡುತ್ತಿದ್ದ. ನರಸಿಂಗ ಪುಸ್ತಕದಲ್ಲಿ ಮುಖ ಹುದುಗಿಸಿ ಲೆಕ್ಕ ಬರೆಯುತ್ತಿದ್ದ. ರುಬೀನಾ ಹಿಂದಿನ ಬಾಗಿಲಿನಿಂದ ಇಳಿದಳು.

ಇಳಿದು ಎರಡು ಹೆಜ್ಜೆ ಇಟ್ಟರೆ ಇನ್ನೊಂದು ಬಸ್ಸು ಗುರುಗುಡುತ್ತ ನಿಂತಿತ್ತು, ಬೋರ್ಡಿನ ಮೇಲೆ ದುಬಲಗುಂಡಿ ಎಂದು. ಆ ಊರಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿ ಅವರಿಗೆ ಬಳಗದವರಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಮದುವೆ ಕಾರ್ಡು ಹಂಚುವಾಗ ಮನೆಯಲ್ಲಿ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ. ಹತ್ತಿ ಕೂತಳು. ತಾನು ಆರಾಮ ಇದ್ದೇನೆ, ಮಧ್ಯಾಹ್ನ ಬರುತ್ತೇನೆ, ಹೆದರಬೇಡ ಎಂದು ಫುಪ್ಪುವಿಗೆ ಮೆಸೇಜು ಬರೆದು ಕಳಿಸಿದಳು. ಆಮೇಲೆ ಫೋನು ಬಂದ್ ಮಾಡಿದಳು. ಈ ಬಸ್ಸಿನ ಕಂಡಕ್ಟರ್ ಅವಳ ಕಾರ್ಡನ್ನು ಇಸಿದುಕೊಂಡು ನೋಡಿ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಅವಳ ಮುಖವನ್ನು ಎರಡನೇ ಸಲ ನೋಡಲಿಲ್ಲ. ಅದಕ್ಕೆ ಅಷ್ಟೊಂದು ಸಮಾಧಾನವಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ.

ದುಬಲಗುಂಡಿಯಲ್ಲಿ ನಿಜಕ್ಕೂ ವಿಶೇಷವೇನಿಲ್ಲ. ಮಳೆ ನಂಬಿದ ಹೊಲಗಳು, ಹೂ ಬಿಟ್ಟ ತೊಗರಿ, ಬಸ್ಸು ನಿಲ್ಲುವಲ್ಲಿ ಒಂದು ಹೋಟೆಲು. ಹೋಟೆಲಿನವನು ಏನು ಕೊಡಲಿ ಎಂದು ಕೇಳಿದಾಗ ರುಬೀನಾ ಬಾಯಿ ಬಿಟ್ಟುಕೊಂಡು ನಿಂತಳು. ಇಪ್ಪತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆಗೆ ಅವಳು ಉತ್ತರ ಕೊಟ್ಟಿದ್ದೇ ಇಲ್ಲ. ಅವಳ ಬದಲು ಅಮ್ಮ ಹೇಳುತ್ತಿದ್ದಳು, ಇಲ್ಲವೇ ಮುಷರಫ್: ರುಬೀನಾಗೆ ಖಾರ ಆಗುವುದಿಲ್ಲ, ಅವಳಿಗೆ ಬನ್ನು ಕೊಡಿ. ಎಲ್ಲರೂ ಹೇಳಿ ಹೇಳಿ ಅವಳೂ ಅದನ್ನೇ ನಂಬಿದ್ದಳು. ಈಗ ಎದುರಿನ ಬಾಣಲೆಯಲ್ಲಿ ಮೆಣಸಿನಕಾಯಿ ಭಜಿ ಚಟಚಟ ಎನ್ನುತ್ತಿತ್ತು. ಒಂದು ತಟ್ಟೆ ತರಿಸಿದಳು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಕಿವಿಯೆಲ್ಲ ಕೆಂಪು. ತಿಂದು ಮುಗಿಸಿ ಇನ್ನೊಂದು ತಟ್ಟೆ ತರಿಸಿದಳು.

ಅಲ್ಲಿಂದ ಹೊಲದ ದಾರಿ ಹಿಡಿದು ನಡೆದಳು. ಯಾರೂ ಜೊತೆಯಲ್ಲಿಲ್ಲದಿದ್ದಾಗ ತಾನು ಇಷ್ಟು ನಿಧಾನ ನಡೆಯುವವಳು ಎಂಬುದೂ ಅವಳಿಗೆ ಇವತ್ತೇ ಗೊತ್ತಾದದ್ದು. ಮನೆಯಲ್ಲಿ ಅವಳು ಚುರುಕಿಗೆ ಹೆಸರಾದ ಹುಡುಗಿ. ದಾರಿಯ ಪಕ್ಕ ರಾಶಿ ಮುಗಿದ ಸೋಯಾಬೀನ್ ಹೊಲವೊಂದರಲ್ಲಿ ಅರವತ್ತು ದಾಟಿದ ಹೆಂಗಸು ಕುಕ್ಕರಗಾಲಲ್ಲಿ ಕೂತು, ಯಂತ್ರ ಬಿಟ್ಟುಹೋದ ಕಾಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಹಕ್ಕಲು ಆಯುವುದೆಂದರೆ ಇದೇ. ಹೊಲದವನು ತನ್ನ ಪಾಲು ಒಯ್ದ ಮೇಲೆ ಮಣ್ಣಿನಲ್ಲಿ ಉಳಿದದ್ದು ಕೂಲಿಯವರದು. ಅವಳ ಹೆಸರು ಸರುಬಾಯಿ. ಅದು ಗೊತ್ತಾದದ್ದು ಆಮೇಲೆ, ಯಾಕೆಂದರೆ ಈ ಸೀಮೆಯಲ್ಲಿ ಹೊಸಬರನ್ನು ಕಂಡರೆ ಮೊದಲು ಕೇಳುವುದು ಹೆಸರಲ್ಲ, ಮನೆತನ.

“ಯಾರ ಪೈಕಿ ಯವ್ವಾ ನೀ?”

ಖಮರ್ ಪೇಂಟರ್ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, “ರುಬೀನಾ,” ಎಂದಳು.

“ಅದು ಹೆಸರಾತು. ಯಾರ ಪೈಕಿ?”

“ಇಲ್ಲಿ ಯಾರ ಪೈಕೀನೂ ಅಲ್ರಿ. ಸುಮ್ನ ಬಂದೀನಿ.”

ಸರುಬಾಯಿ ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಶ್ಚರ್ಯಪಟ್ಟ ಹಾಗೆ ಕಾಣಲಿಲ್ಲ. ಸುಮ್ಮನೆ ಬಂದಿದ್ದರೆ ಕೂಡು, ಕೈ ಖಾಲಿ ಇವೆಯಲ್ಲ ಎಂದು ಪಕ್ಕದ ಸಾಲು ತೋರಿಸಿದಳು. ರುಬೀನಾ ಚಪ್ಪಲಿ ಬಿಟ್ಟು ಕೂತು ಕಾಳು ಆರಿಸತೊಡಗಿದಳು. ಮೊದಲು ಕಣ್ಣಿಗೆ ಬರೀ ಮಣ್ಣು ಕಂಡಿತು. ಸ್ವಲ್ಪ ಹೊತ್ತಿಗೆ ಕಣ್ಣು ಪಳಗಿ, ಕಪ್ಪು ಹೆಂಟೆಗಳ ನಡುವೆ ಹಳದಿ ಕಾಳು ತಾವಾಗಿಯೇ ಕಾಣಿಸಿಕೊಂಡವು. ಒಂದು ತಾಸು ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಸರುಬಾಯಿ ಅವಳ ಮದುವೆ ಕೇಳಲಿಲ್ಲ, ಜಾತಿ ಕೇಳಲಿಲ್ಲ, ಅಪ್ಪನ ಉದ್ಯೋಗ ಕೇಳಲಿಲ್ಲ. ಬೆನ್ನು ನೋಯಾಕತ್ತಿದರೆ ಎದ್ದು ನಿಲ್ಲು ಎಂದಷ್ಟೇ ಹೇಳಿದಳು. ರುಬೀನಾಳ ಬೆನ್ನು ನೋಯುತ್ತಿತ್ತು, ಬಿಸಿಲು ನೆತ್ತಿಗೇರಿತ್ತು, ಮತ್ತು ಅವಳು ಸುಖವಾಗಿದ್ದಳು. ಯಾರ ಮಗಳೂ ಅಲ್ಲದೆ, ಯಾರ ತಂಗಿಯೂ ಅಲ್ಲದೆ ಇಷ್ಟು ಹೊತ್ತು ಇದ್ದೇನಲ್ಲ, ಏನೂ ಕಳೆದುಹೋಗಲಿಲ್ಲವಲ್ಲ ಎಂದು ಅವಳಿಗೇ ಸೋಜಿಗ.

ಬೇವಿನ ನೆರಳಿನಲ್ಲಿ ಸರುಬಾಯಿಯ ಜೋಳದ ರೊಟ್ಟಿ, ಆರಿಫಳ ಡಬ್ಬಿಯ ಪಲ್ಯ ಹಂಚಿಕೊಂಡು ಉಂಡರು. ಉಂಡ ಮೇಲೆ ರುಬೀನಾ ತೋಳಿನ ಗಂಟು ಬಿಚ್ಚಿ, ನಾಣ್ಯವನ್ನು ಸರುಬಾಯಿಯ ಮುಂದೆ ಹಿಡಿದಳು. ಮನಸ್ಸು ತುಂಬಿ ಬಂದಿತ್ತು, ಒಂದು ಕ್ಷಣವೂ ಯೋಚಿಸಲಿಲ್ಲ.

ಸರುಬಾಯಿಯ ಮುಖ ಸಣ್ಣದಾಯಿತು. “ಹಕ್ಕಲ ಆರಸಾಕತ್ತೀನಿ ಅಂದ್ರ ಬೇಡಾಕತ್ತೀನಿ ಅಂದಂಗೇನು?”

ರುಬೀನಾಳಿಗೆ ಭೂಮಿಗಿಳಿದು ಹೋದಂತಾಯಿತು. ನಾಣ್ಯ ಕೊಡುವುದು ಬಡವರಿಗೆ ಎಂದು ಅಜ್ಜಿ ಹೇಳಿದ್ದಳು. ಒಂದು ತಾಸು ಪಕ್ಕದಲ್ಲಿ ಕೂತು ದುಡಿದವಳನ್ನು ಬಡವಳು ಎಂದು ಗುರುತಿಸಿ ಕೈ ಚಾಚಿದ್ದು ತಾನು. ತಡವರಿಸುತ್ತ ಎಲ್ಲ ಬಿಡಿಸಿ ಹೇಳಿದಳು. ಗಂಟಿನ ಕಥೆ, ಅಜ್ಜಿಯ ಮಾತು, ಹೋಗಬೇಕಾದ ಜಾಗ ಮುಟ್ಟಿದ ಮೇಲೆ ಮಾತ್ರ ಬಿಚ್ಚಬೇಕು ಎಂಬುದು. ಸರುಬಾಯಿ ಪೂರಾ ಕೇಳಿದಳು.

“ಅಂದ್ರ ನೀ ಮುಟ್ಟಬೇಕಾದ ಜಾಗ ಇದೇ ಏನು?”

ರುಬೀನಾ ಸುತ್ತ ನೋಡಿದಳು. ಬೋಳು ಹೊಲ, ಒಂದು ಬೇವಿನ ಮರ, ತನ್ನ ಮಣ್ಣಾದ ಉಗುರು. “ಹೌದ್ರಿ,” ಎಂದಳು.

ಹಾಗಾದರೆ ಕೊಡು ಎಂದು ಸರುಬಾಯಿ ನಾಣ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬರೀ ಬಟ್ಟೆ ಮನೆಗೆ ಒಯ್ಯಬಾರದು ಎಂದು ಮಡಿಲಿನಿಂದ ಒಂದು ಹಿಡಿ ಸೋಯಾಬೀನ್ ಕಾಳು ತೆಗೆದು ಅದೇ ಹಸಿರು ಚಿಂದಿಯಲ್ಲಿ ಹಾಕಿ ತಾನೇ ಗಂಟು ಕಟ್ಟಿ ಕೊಟ್ಟಳು.

ಹುಮನಾಬಾದಿಗೆ ಮರಳಿದಾಗ ಮೂರೂವರೆ. ಫರಹತ್ ಫುಪ್ಪು ನಿಲ್ದಾಣದಲ್ಲೇ ಕೂತಿದ್ದಳು, ಅತ್ತು ಅತ್ತು ಕಣ್ಣು ಬಾತಿದ್ದವು. ಅದನ್ನು ನೋಡಿದಾಗ ಮಾತ್ರ ರುಬೀನಾಳಿಗೆ ಕೆಡುಕೆನಿಸಿತು. ಮೆಸೇಜು ಕಳಿಸಿದ್ದು ಸಾಕು ಎಂದುಕೊಂಡಿದ್ದಳು, ಸಾಲದೆ ಹೋಗಿತ್ತು. ಕಲ್ಯಾಣಕ್ಕೂ ಸುದ್ದಿ ಮುಟ್ಟಿತ್ತು. ಫುಪ್ಪು ಬೈಯುವುದನ್ನೆಲ್ಲ ಬೈದು ಮುಗಿಸಿ, ಕಲ್ಯಾಣದ ಬಸ್ಸು ಹತ್ತಿಸುವಾಗ ಕಿವಿಯಲ್ಲಿ ಉಪಾಯ ಹೇಳಿಕೊಟ್ಟಳು. ಬೋರ್ಡು ನೋಡದೆ ಬೇರೆ ಬಸ್ಸು ಹತ್ತಿದೆ ಎನ್ನು, ಫೋನಿನ ಬ್ಯಾಟರಿ ಮುಗಿದಿತ್ತು ಎನ್ನು, ನಿಮ್ಮಪ್ಪ ಕರಗಿಬಿಡುತ್ತಾನೆ.

ದಾರಿಯುದ್ದಕ್ಕೂ ರುಬೀನಾ ಅದನ್ನೇ ತಿರುವಿ ಹಾಕಿದಳು. ದಾರಿ ತಪ್ಪಿತು ಎಂದರೆ ಅಪ್ಪ ಅಪ್ಪಿಕೊಳ್ಳುತ್ತಾನೆ, ಆದರೆ ದಾರಿ ತಪ್ಪುವವಳನ್ನು ವಿಜಯಪುರಕ್ಕೆ ಕಳಿಸುವುದಿಲ್ಲ. ಬೇಕೆಂದೇ ಹೋದೆ ಎಂದರೆ ಮಾತು ಮೀರಿದವಳಾಗುತ್ತಾಳೆ, ಆಗಲೂ ಕಳಿಸುವುದಿಲ್ಲ. ಎರಡೂ ಕಡೆಯಿಂದ ಸಹಿ ಹೋಯಿತು. ಸಸ್ತಾಪುರ ದಾಟುವ ಹೊತ್ತಿಗೆ ಅವಳಿಗೆ ಅಳು ಬಂತು. ದುಪಟ್ಟಾ ಮುಖಕ್ಕೆ ಹಿಡಿದು ಅತ್ತಳು.

ಖಮರುದ್ದೀನ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಕೈಗೆ ಹತ್ತಿದ ನೀಲಿ ಬಣ್ಣವನ್ನೂ ತೊಳೆದುಕೊಂಡಿರಲಿಲ್ಲ. ಮಗಳನ್ನು ಕರೆದುಕೊಂಡು ನೇರ ಮನೆಗೆ ಬಂದ. ಮಗ್ರಿಬ್‌ಗೆ ಇನ್ನೂ ಕಾಲು ತಾಸು ಇತ್ತು. ಪಡಸಾಲೆಯಲ್ಲಿ ಆರಿಫ, ಮುಷರಫ್, ಹಜಿರಾ ಬೀ ಎಲ್ಲರೂ ನಿಂತಿದ್ದರು.

“ದಾರಿ ತಪ್ಪಿತ್ತೇನು?” ಎಂದ. ಕೇಳಿದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಹೌದು ಎಂಬ ಉತ್ತರಕ್ಕಾಗಿ ಅವನು ಅಂಗಲಾಚುತ್ತಿದ್ದ.

“ಇಲ್ಲ ಅಬ್ಬಾ. ಬೇಕಂತ ಹೋಗೀನಿ. ಫೋನೂ ನಾನೇ ಬಂದ್ ಮಾಡೀನಿ.”

ಮುಷರಫ್ ಏನೋ ಹೇಳಲು ಹೋದ, ಆರಿಫ ಅವನ ತೋಳು ಹಿಡಿದಳು. ರುಬೀನಾ ಮಾತು ಮುಂದುವರಿಸಿದಳು.

“ನಿಮಗ ತ್ರಾಸ ಆತು, ಅದು ನನ್ನ ತಪ್ಪು. ಆದ್ರ ಒಬ್ಬಾಕೀನ ಕಳಸ್ತೀನಿ ಅಂದಿದ್ರಿ. ನೀವು ನನ್ನ ಒಬ್ಬಾಕೀನ ಕಳಸ್ಲೇ ಇಲ್ಲ.”

ಖಮರುದ್ದೀನ್ ಗೋಡೆ ನೋಡಿದ. ಅವನಿಗೆ ಆ ಮಾತು ನಾಟಿತು. ಯಾಕೆಂದರೆ ಕರಾರು ಮೊದಲು ಮುರಿದವನು ತಾನು ಎಂಬುದು ಅವನಿಗೂ ಗೊತ್ತಿತ್ತು. ಮಸೀದಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹುಡುಕತೊಡಗಿದ.

ಹಜಿರಾ ಬೀ ಮೊಮ್ಮಗಳ ಹತ್ತಿರ ಬಂದು ತೋಳು ಸವರಿದಳು. ತೋಳು ಬರಿದಾಗಿತ್ತು. ಎಲ್ಲಿ ಬಿಚ್ಚಿದಿ ಎಂದು ಕೇಳಿದಳು. ದುಬಲಗುಂಡಿಯಲ್ಲಿ ಎಂದು ರುಬೀನಾ ಚೀಲದಿಂದ ಹಸಿರು ಗಂಟು ತೆಗೆದು ಕೊಟ್ಟಳು. ಮುದುಕಿ ಅದನ್ನು ಬಿಚ್ಚಿ, ಅಂಗೈಯಲ್ಲಿ ಸೋಯಾಬೀನ್ ಕಾಳು ಸುರುವಿಕೊಂಡು, ಬೆರಳಿನಿಂದ ಆಡಿಸಿದಳು.

“ಮುಡಬಿಯಿಂದ ಮದುವಿ ಆಗಿ ಬರೂವಾಗ ನಮ್ಮವ್ವ ನನಗೂ ಕಟ್ಟಿದ್ಳು. ಅದನ್ನ ಎಲ್ಲಿ ಬಿಚ್ಚಿದ್ರು, ಯಾರು ಬಿಚ್ಚಿದ್ರು, ನನಗ ಗೊತ್ತೇ ಇಲ್ಲ. ಎದ್ದು ನೋಡೋದ್ರಾಗ ತೋಳಿನ ಮ್ಯಾಲ ಇರಲಿಲ್ಲ.”

ಅವಳು ಯಾರಿಗೂ ಕೇಳಿಸಲೆಂದು ಹೇಳಿರಲಿಲ್ಲ. ಆದರೆ ಬಾಗಿಲಲ್ಲಿ ಚಪ್ಪಲಿ ಹುಡುಕುವ ಸದ್ದು ನಿಂತಿತ್ತು.

ನಾಲ್ಕು ದಿನ ಖಮರುದ್ದೀನ್ ಮಗಳ ಜೊತೆ ಮಾತಾಡಲಿಲ್ಲ. ಐದನೆಯ ದಿನ ರುಬೀನಾ ಕಪಾಟು ಒರೆಸುತ್ತ ಟರ್ಪೆಂಟೈನ್ ಡಬ್ಬಿ ಎತ್ತಿದಾಗ ಅರ್ಜಿಯ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಹಿ ಇತ್ತು. ಅವಳು ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಪ್ಪ ಹೊರಗೆ ಲಾರಿಯೊಂದಕ್ಕೆ ಬಿಳಿ ಬಣ್ಣ ಬಳಿಯುತ್ತಿದ್ದ. ಕೇಳಿದ್ದರೆ ಯಾವ ಸಹಿ ಎನ್ನುತ್ತಿದ್ದನೋ ಏನೋ. ಅವಳು ಕೇಳಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಹಜಿರಾ ಬೀ ಮತ್ತೆ ಗಂಟು ಕಟ್ಟಿದಳು, ಅದೇ ಹಸಿರು ಚಿಂದಿ, ಹೊಸ ನಾಣ್ಯ. ಈ ಸಲ ಎಲ್ಲಿ ಬಿಚ್ಚಬೇಕು ಎಂದು ಹೇಳಲಿಲ್ಲ. ನಿಲ್ದಾಣಕ್ಕೆ ಖಮರುದ್ದೀನನೊಬ್ಬನೇ ಬಂದ. ಕಲಬುರಗಿಯ ಬಸ್ಸು, ಅಲ್ಲಿ ಇಳಿದು ಅವಳೇ ವಿಜಯಪುರದ್ದು ಹಿಡಿಯಬೇಕು. ಟ್ರಂಕನ್ನು ಸೀಟಿನ ಕೆಳಗೆ ತಳ್ಳಿದ. ಎಳೆದು ಮತ್ತೆ ತಳ್ಳಿದ. ಕಿಟಕಿ ಸರಿಯಾಗಿ ಮುಚ್ಚುತ್ತದೆಯೇ ಎಂದು ಎರಡು ಸಲ ಎಳೆದು ನೋಡಿದ. ಹಿಂದೆ ಯಾರೋ ದಾರಿ ಬಿಡಿ ಎಂದು ಗೊಣಗಿದರೂ ಸರಿಯಲಿಲ್ಲ.

ಕಂಡಕ್ಟರ್ ಹೊಸಬ. ಟಿಕೆಟಿನ ಯಂತ್ರ ಕೈಯಲ್ಲಿ ಹಿಡಿದು ಬಂದವನು, ಹುಡುಗಿಯ ಪಕ್ಕ ನಿಂತ ಗಂಡಸನ್ನು ಕಂಡು ಸಹಜವಾಗಿ ಅವನನ್ನೇ ಕೇಳಿದ.

“ಯಾರ ಪೈಕಿ ರೀ ಈ ಹುಡುಗಿ? ಎಲ್ಲಿಗಿ ಹೊಂಟಾಳ?”

ಖಮರುದ್ದೀನನ ಬಾಯಿ ತೆರೆಯಿತು. ನನ್ನ ಮಗಳು, ಜರಾ ನೋಡ್ಕೋರಿ ಎಂಬ ಮಾತು ತುಟಿಯ ಮೇಲೆ ತಯಾರಾಗಿ ಕೂತದ್ದನ್ನು ರುಬೀನಾ ಕಣ್ಣಾರೆ ಕಂಡಳು. ಅವನು ಆ ಮಾತು ನುಂಗಿಕೊಂಡ. ಮಗಳ ತೋಳಿನ ಹಸಿರು ಗಂಟನ್ನು ನೋಡಿದ.

“ಆಕೀನ ಕೇಳ್ರಿ,” ಎಂದು ಹೇಳಿ ಬಸ್ಸಿನಿಂದ ಕೆಳಗಿಳಿದ.